ಕ್ರೈಸ್ತ ಸಿನಿಮಾ–ಪುಸ್ತಕ–ಹಾಡು ಮಾರ್ಗದರ್ಶಿಗಳು: ಐದು ವರ್ಷ ಬಳಸಿದ ಮೇಲೆ

ಯಾವ ಸಿನಿಮಾದಲ್ಲಿ, ಪುಸ್ತಕದಲ್ಲಿ, ಹಾಡಿನಲ್ಲಿ ಏನಿದೆ ಎಂದು ಕ್ರೈಸ್ತ ಕುಟುಂಬಗಳಿಗೆ ಮೊದಲೇ ತಿಳಿಸುವ ವೆಬ್‌ಸೈಟ್‌ಗಳೂ ಆ್ಯಪ್‌ಗಳೂ ಹಲವಿವೆ. ಹೆಸರು ಬೇರೆಯಾದರೂ ಅಚ್ಚು ಹೆಚ್ಚುಕಡಿಮೆ ಒಂದೇ: ಮೇಲೆ ಕಥಾಸಾರ, ಅದರ ಕೆಳಗೆ ಹಿಂಸೆ, ಲೈಂಗಿಕ ದೃಶ್ಯ, ಕೆಟ್ಟ ಮಾತು, ಕುಡಿತ ಮತ್ತು ಮಾದಕ ವಸ್ತು, ದೇವರ ವಿಚಾರ ಎಂಬ ತಲೆಬರಹಗಳು, ಕೊನೆಗೆ ಒಂದು ತೀರ್ಪು ಅಥವಾ ವಯಸ್ಸಿನ ಸಲಹೆ. ಇಂಥ ಮೂರು ಸೇವೆಗಳನ್ನು ಐದು ವರ್ಷ ಮನೆಯಲ್ಲೂ ಯುವಕರ ಕೂಟದಲ್ಲೂ ಬಳಸಿದ ಮೇಲೆ ಕೊಡುವ ಅಂಕ ಐದಕ್ಕೆ ಮೂರು. ‘ನೋಡಬಹುದೇ?’ ಎಂಬ ಪ್ರಶ್ನೆಗೆ ಇವು ಚೆನ್ನಾಗಿ ಉತ್ತರಿಸುತ್ತವೆ. ‘ಹೇಗೆ ನೋಡಬೇಕು?’ ಎಂಬ ಪ್ರಶ್ನೆಯ ಹತ್ತಿರ ಹೋಗುವುದೇ ಅಪರೂಪ.

ಮೊದಲು ಉಪಯೋಗದ ಮಾತು. ಕುಡಿತ ಬಿಟ್ಟು ಆರು ತಿಂಗಳಾದವರು, ಮನೆಯಲ್ಲಿ ಹೊಡೆತ ತಿಂದು ಬೆಳೆದವರು, ಈಚೆಗೆ ಸಾವು ಕಂಡ ಮನೆಯವರು ಕೂಟದಲ್ಲಿದ್ದಾಗ ಆ ತಲೆಬರಹಗಳು ನಿಜಕ್ಕೂ ಕಾಪಾಡುತ್ತವೆ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಹೇಳುವುದು ಇದನ್ನೇ: ನನಗೆ ತೊಂದರೆಯಿಲ್ಲದ್ದು ಪಕ್ಕದ ಸಹೋದರನನ್ನು ಎಡವಿಸಬಹುದು. ಈ ಕೆಲಸಕ್ಕೆ ಪುಟ ಪೂರ್ತಿ ಓದಬೇಕಿಲ್ಲ. ಕಥಾಸಾರ ಬಿಟ್ಟುಬಿಡಿ, ಅದರಲ್ಲಿ ಕೊನೆಯ ತಿರುವೂ ಬಯಲಾಗಿರುತ್ತದೆ. ನೇರವಾಗಿ ತಲೆಬರಹಗಳಿಗೆ ಹೋಗಿ, ನಿಮ್ಮ ಕೂಟಕ್ಕೆ ಸಂಬಂಧಿಸಿದ ಎರಡನ್ನು ಮಾತ್ರ ನೋಡಿ. ಮೂರು ನಿಮಿಷ ಸಾಕು.

ದೊಡ್ಡ ಕೊರತೆ ಇರುವುದು ಎಣಿಕೆಯಲ್ಲಿ. ಕೆಟ್ಟ ಮಾತು ಎಷ್ಟು ಸಲ, ರಕ್ತ ಎಷ್ಟು ದೃಶ್ಯದಲ್ಲಿ ಎಂದು ಲೆಕ್ಕ ಹಾಕುವ ಪದ್ಧತಿಗೆ, ಪಾಪವನ್ನು ತೋರಿಸುವುದಕ್ಕೂ ಅದನ್ನು ಮೆಚ್ಚಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಕಾಣುವುದಿಲ್ಲ. ಬೈಬಲಿನಲ್ಲಿ ದಾವೀದ ರಾಜನ ಪಾಪವನ್ನು ಹೇಳುವ 2 ಸಮುವೇಲ 11ನ್ನು ಈ ತಲೆಬರಹಗಳ ಕೆಳಗೆ ಹಾಕಿ ನೋಡಿ: ಸ್ನಾನ ಮಾಡುತ್ತಿರುವ ಹೆಂಗಸು, ವ್ಯಭಿಚಾರ, ಅವಳ ಗಂಡ ಊರೀಯನಿಗೆ ಕುಡಿಸಿ ಅಮಲೇರಿಸಿದ್ದು, ಕೊನೆಗೆ ಅವನ ಕೊಲೆ. ಹೆಚ್ಚಿನ ತಲೆಬರಹಗಳು ತುಂಬಿಹೋಗುತ್ತವೆ. ಆದರೆ ಆ ಅಧ್ಯಾಯದ ಕೊನೆಯ ಮಾತು, ದಾವೀದನು ಮಾಡಿದ್ದು ಯೆಹೋವನಿಗೆ ಮೆಚ್ಚಿಕೆಯಾಗಲಿಲ್ಲ ಎಂಬುದು, ಯಾವ ಎಣಿಕೆಗೆ ಸಿಗುತ್ತದೆ? ಮುಂದಿನ ಅಧ್ಯಾಯದಲ್ಲಿ ಪ್ರವಾದಿ ನಾತಾನನು ಬಂದು ದಾವೀದನಿಗೆ ಅವನ ಪಾಪವನ್ನು ಮನಗಾಣಿಸುವುದೂ ಒಂದು ಕಥೆಯಿಂದಲೇ, ಬಡವನ ಕುರಿಮರಿಯ ಕಥೆಯಿಂದ. ಕಥೆಗೆ ಆ ಶಕ್ತಿ ಇದೆ ಎಂದು ನಂಬುವವರು ಅದನ್ನು ಬರೀ ಎಣಿಸಿ ಬಿಡಲಾಗದು.

ಇದರ ಇನ್ನೊಂದು ಮುಖ ಹೆಚ್ಚು ಅಪಾಯಕಾರಿ. ಒಂದೂ ಬೈಗುಳವಿಲ್ಲದ, ಮುತ್ತು ಕೂಡ ಇಲ್ಲದ ಸಿನಿಮಾಕ್ಕೆ ಹಸಿರು ಗುರುತು ಸಿಗುತ್ತದೆ. ಆದರೆ ಸೇಡು ತೀರಿಸಿಕೊಂಡವನೇ ನಾಯಕ, ದುಡ್ಡು ಬಂದದ್ದೇ ಬಿಡುಗಡೆ, ಬಡವರು ನಗಿಸುವುದಕ್ಕೆ ಮಾತ್ರ ಇದ್ದಾರೆ ಎಂದು ಎರಡು ಗಂಟೆ ಕಲಿಸಿದ್ದು ಎಣಿಕೆಗೆ ಬರುವುದೇ ಇಲ್ಲ. ಮಂತ್ರವಾದಿ ಕಂಡರೆ ಎಚ್ಚರಿಕೆ, ದುರಾಸೆ ಕಂಡರೆ ಮೌನ. ಕೊಲೊಸ್ಸೆಯವರಿಗೆ ಬರೆದ ಪತ್ರದ 3:5 ದುರಾಸೆಯನ್ನು ವಿಗ್ರಹಾರಾಧನೆ ಎಂದೇ ಕರೆಯುತ್ತದೆ ಎಂಬುದನ್ನು ಇವುಗಳನ್ನು ಬರೆಯುವವರು ನೆನಪಿಟ್ಟುಕೊಳ್ಳಬೇಕು.

ಹಾಗಾಗಿ ನೋಡಿದ ಮೇಲಿನ ಕೆಲಸವನ್ನು ನಾವೇ ಸೇರಿಸಿಕೊಳ್ಳಬೇಕಾಯಿತು. ಸಿನಿಮಾ ಮುಗಿದ ಕೂಡಲೇ ಚರ್ಚೆ ಬೇಡ, ಆಗ ಬರುವುದು ‘ಚೆನ್ನಾಗಿತ್ತು’, ‘ಬೋರು’ ಅಷ್ಟೇ. ಒಂದು ದಿನ ಬಿಟ್ಟು ಅರ್ಧ ಪುಟ ಬರೆಯಿರಿ: ಈ ಲೋಕದಲ್ಲಿ ಕೆಟ್ಟದ್ದು ಎಲ್ಲಿಂದ ಬಂತು? ಅದರಿಂದ ಬಿಡಿಸಿದವರು ಯಾರು? ಅದಕ್ಕೆ ಬೆಲೆ ತೆತ್ತವರು ಯಾರು? ನಾನು ಏನನ್ನು ಆಸೆಪಡುವಂತೆ ಕ್ಯಾಮೆರಾ ಮಾಡಿತು? ಕೊನೆಯ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಮುಖ್ಯ ದೃಶ್ಯ ಒಂದನ್ನು ಧ್ವನಿ ಆರಿಸಿ ಮತ್ತೆ ನೋಡಿ. ಹಿನ್ನೆಲೆ ಸಂಗೀತ ಹೋದ ಮೇಲೆ ಹೊಡೆದಾಟ ಹೊಡೆದಾಟವಾಗಿಯೇ ಕಾಣುತ್ತದೆ, ಅದಕ್ಕೆ ವೀರತ್ವ ಬಂದದ್ದು ಎಲ್ಲಿಂದ ಎಂದೂ ತಿಳಿಯುತ್ತದೆ. ಕೂಟದಲ್ಲಾದರೆ ಎಂಟು ಜನ, ನಲವತ್ತು ನಿಮಿಷ ಸರಿಯಾದ ಅಳತೆ. ಹತ್ತು ದಾಟಿದರೆ ಇಬ್ಬರೇ ಮಾತಾಡುತ್ತಾರೆ. ಕಥೆಯಲ್ಲಿ ಕ್ರಿಸ್ತನ ಗುರುತು ಹುಡುಕುವ ಆಟ ಬೇಡ. ಕೈ ಚಾಚಿ ನಿಂತವರೆಲ್ಲ ಶಿಲುಬೆಯಾದರೆ ಕಥೆಯೂ ಹೋಯಿತು, ಶಿಲುಬೆಯೂ ಹಗುರಾಯಿತು.

ಹಾಡಿನ ವಿಷಯದಲ್ಲಿ ಈ ಸೇವೆಗಳು ತೀರ ಬಡವು. ಸಾಹಿತ್ಯವನ್ನು ಮಾತ್ರ ಓದಿ ತೀರ್ಪು ಬರೆಯುತ್ತಾರೆ, ರಾಗ, ಲಯ, ದನಿಯ ಬಗ್ಗೆ ಒಂದು ವಾಕ್ಯವಿದ್ದರೆ ಹೆಚ್ಚು. ಹಾಡಿನಲ್ಲಿ ‘ನಾನು’ ಅಂದಾಗಲೆಲ್ಲ ಅದು ಹಾಡುಗಾರರ ಸ್ವಂತ ಒಪ್ಪಿಗೆ ಎಂದು ತಿಳಿಯುವ ತಪ್ಪೂ ಸಾಮಾನ್ಯ. ನಿಜಕ್ಕೂ ಹೆಚ್ಚು ಪರೀಕ್ಷೆ ಬೇಕಾದದ್ದು ಹಾಡಿಗೇ. ನಾಲ್ಕು ನಿಮಿಷದ ಹಾಡನ್ನು ದಿನಕ್ಕೊಮ್ಮೆ ವರ್ಷವಿಡೀ ಕೇಳಿದರೆ ಇಪ್ಪತ್ನಾಲ್ಕು ಗಂಟೆ ಮೀರುತ್ತದೆ. ಯಾವ ಸಿನಿಮಾಕ್ಕೂ ನಾವು ಅಷ್ಟು ಹೊತ್ತು ಕೊಡುವುದಿಲ್ಲ. ಮೂರು ಸಲ ಕೇಳಿ: ಮೊದಲು ಪದಗಳನ್ನು ಗಮನಿಸದೆ, ಆಮೇಲೆ ಸಾಹಿತ್ಯ ಕೈಯಲ್ಲಿ ಹಿಡಿದು, ಮೂರನೆಯದಾಗಿ ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು. ದುಃಖದ ಹಾಡಿಗೆ ಅಂಕ ಕಡಿಮೆ ಕೊಡುವ ಚಾಳಿಯನ್ನಂತೂ ಒಪ್ಪಲಾಗದು. ಬೈಬಲಿನ 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ, ಆದರೂ ಅದು ಪ್ರಾರ್ಥನೆಯೇ.

ಪುಸ್ತಕಗಳ ವಿಭಾಗ ಚಿಕ್ಕದು. ಮಕ್ಕಳ ಮತ್ತು ಹದಿಹರೆಯದವರ ಕಾದಂಬರಿಗಳೇ ಹೆಚ್ಚು, ಕವಿತೆ ಇಲ್ಲವೆಂದೇ ಹೇಳಬೇಕು.

ಬಳಸುವವರು ಗಮನಿಸಬೇಕಾದ ಇನ್ನು ಕೆಲವು ಸಂಗತಿಗಳಿವೆ. ಧಾರಾವಾಹಿಗಳ ಮೊದಲ ಸೀಸನ್ ನೋಡಿ ಬರೆದ ಪುಟ ಹಾಗೇ ಉಳಿದಿರುತ್ತದೆ, ಮೂರನೇ ಸೀಸನ್ ಬೇರೆಯೇ ಆಗಿರಬಹುದು. ಪುಟದ ತಾರೀಖು ನೋಡಿ. ಡಬ್ಬಿಂಗ್ ಆದ ಆವೃತ್ತಿಯಲ್ಲಿ ಬೈಗುಳದ ಲೆಕ್ಕ ಬದಲಾಗುತ್ತದೆ. ಚಿತ್ರಮಂದಿರದ ಆವೃತ್ತಿಗೂ ನಿರ್ದೇಶಕರ ಆವೃತ್ತಿಗೂ ನಿಮಿಷಗಳ ವ್ಯತ್ಯಾಸ ಇರುತ್ತದೆ, ಅವಧಿ ತಾಳೆ ನೋಡಿ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಕೃತಿಗಳ ಮಾಹಿತಿ ತೀರ ವಿರಳ.

ಕ್ರಿಸ್ತನನ್ನು ನಂಬದವರ ಕೃತಿಗಳನ್ನು ಮುಟ್ಟಲೇಬಾರದು ಎನ್ನುವವರಿಗೆ ಈ ಸೇವೆಗಳೂ ಬೇಕಿಲ್ಲ. ಆದರೆ ಅಪೊಸ್ತಲರ ಕೃತ್ಯಗಳು 17:28ರಲ್ಲಿ ಅಥೇನೆಯವರ ಮುಂದೆ ನಿಂತ ಪೌಲನು ಗ್ರೀಕ್ ಕವಿಯ ಸಾಲನ್ನೇ ಎತ್ತಿ ಹೇಳುತ್ತಾನೆ. ಆ ಸಾಲು ಅರಾಟಸ್ ಎಂಬ ಕವಿಯದು, ಅವನ ಕಾವ್ಯ ಶುರುವಾಗುವುದೇ ಜ಼್ಯೂಸ್ ದೇವತೆಯಿಂದ. ಇಡೀ ಕಾವ್ಯವನ್ನು ಪೌಲನು ಒಪ್ಪಲಿಲ್ಲ, ಎಸೆಯಲೂ ಇಲ್ಲ. ಓದಿದ್ದ, ನೆನಪಿಟ್ಟಿದ್ದ, ನಿಜವಾದ ಸಾಲನ್ನು ಗುರುತಿಸಿದ್ದ. ಈ ಮಾರ್ಗದರ್ಶಿಗಳು ತಮ್ಮ ಪುಟದ ಕೊನೆಗೆ ‘ಇದರಲ್ಲಿ ನಿಜವಾದ ಸಾಲು ಯಾವುದು?’ ಎಂಬ ಒಂದು ತಲೆಬರಹ ಸೇರಿಸಿದರೆ ಮೂರು ಅಂಕವನ್ನು ನಾಲ್ಕು ಮಾಡಲು ಸಿದ್ಧ.