ಹಳೆ ಲಾರ್ಜ್ ಫಾರ್ಮ್ಯಾಟ್ ಲೆನ್ಸಿಗೆ ಬದಲಿ ರಿಂಗು, ಫ್ಲ್ಯಾಂಜು: ಯಾವುದು ಕೊಳ್ಳಬಹುದು, ಯಾವುದು ಬೇಡ

ಹಳೆಯ ಲಾರ್ಜ್ ಫಾರ್ಮ್ಯಾಟ್ (ದೊಡ್ಡ ಹಾಳೆ ಫಿಲ್ಮಿನ ಕ್ಯಾಮೆರಾದ) ಲೆನ್ಸು ಕೈಗೆ ಬಂದಾಗ ಗಾಜು ಶುಭ್ರವಾಗಿರುತ್ತದೆ, ಶಟರ್ ಕೂಡ ಓಡುತ್ತಿರುತ್ತದೆ, ಆದರೆ ಅದನ್ನು ಬೋರ್ಡಿಗೆ, ಅಂದರೆ ಕ್ಯಾಮೆರಾದ ಮುಂದೆ ಕೂರುವ ಹಲಗೆಗೆ, ಬಿಗಿಯುವ ರಿಂಗೇ ನಾಪತ್ತೆ. ಎಷ್ಟೋ ಸಲ ಆ ರಿಂಗು ಹಿಂದಿನವರ ಕ್ಯಾಮೆರಾದ ಬೋರ್ಡಿನಲ್ಲೇ ಉಳಿದಿರುತ್ತದೆ. ಬದಲಿಯಾಗಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ: ರೆಡಿಮೇಡ್ ರಿಟೇನಿಂಗ್ ರಿಂಗು, ಲೇತ್‌ನಲ್ಲಿ ಮಾಡಿಸಿದ ಫ್ಲ್ಯಾಂಜು (ಒಳಗೆ ಥ್ರೆಡ್ ಇರುವ ಅಗಲ ಅಂಚಿನ ಬಳೆ), ಐರಿಸ್ ಕ್ಲ್ಯಾಂಪು (ಎಲೆಗಳು ಮುಚ್ಚಿಕೊಂಡು ಲೆನ್ಸನ್ನು ಹಿಡಿಯುವ ಸಾಧನ), ತ್ರೀಡಿ ಪ್ರಿಂಟ್ ಮಾಡಿದ ಭಾಗಗಳು.

ಶಟರ್ ಜಪಾನಿನ ಕೋಪಾಲ್ ಕಂಪನಿಯದಾಗಿದ್ದರೆ ರೆಡಿಮೇಡ್ ರಿಂಗೇ ಸರಿ, ಬೇರೆ ಯೋಚನೆ ಬೇಡ. ಕೋಪಾಲ್ 0ಕ್ಕೆ ರಿಂಗಿನ ಥ್ರೆಡ್ 32.5 ಮಿ.ಮೀ., ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ಅಂತರ) 0.5, ಬೋರ್ಡಿನ ತೂತು ಸುಮಾರು 34.7 ಮಿ.ಮೀ. ಕೋಪಾಲ್ 1ಕ್ಕೆ ಥ್ರೆಡ್ 39, ಪಿಚ್ 0.75, ತೂತು 41.7. ಕೋಪಾಲ್ 3ಕ್ಕೆ ಥ್ರೆಡ್ 62, ಪಿಚ್ 0.75, ತೂತು 65. ಕೊಳ್ಳುವವರು ಮೊದಲನೆಯ ಅಂಕಿಯನ್ನಷ್ಟೇ ನೋಡಿ ಪಿಚ್ ಮರೆಯುತ್ತಾರೆ. ಅಡ್ಡಳತೆಯೊಂದೇ ಗೊತ್ತಿದ್ದರೆ ಊರು ಬರೆದು ಬೀದಿ ಬಿಟ್ಟ ವಿಳಾಸದಂತೆ.

ಹೆಚ್ಚಿನವರು ಎಡವುವುದು 39ರಲ್ಲಿ. ಡಾರ್ಕ್‌ರೂಮಿನಲ್ಲಿ ಚಿತ್ರ ಹಿಗ್ಗಿಸುವ ಎನ್‌ಲಾರ್ಜರ್ ಲೆನ್ಸುಗಳ ರಿಂಗೂ 39 ಮಿ.ಮೀ. ಎಂದೇ ಮಾರಾಟವಾಗುತ್ತದೆ. ಆದರೆ ಅದು ಹಳೆಯ ಲೈಕಾ ಅಳತೆ, ಇಂಚಿಗೆ 26 ಥ್ರೆಡ್, ಅಂದರೆ ಪಿಚ್ ಸುಮಾರು 0.98 ಮಿ.ಮೀ. ಕೋಪಾಲ್ 1ರ 0.75ಕ್ಕೂ ಇದಕ್ಕೂ ಒಂದು ಸುತ್ತಿನಲ್ಲೇ ಕಾಲು ಮಿಲಿಮೀಟರಿನಷ್ಟು ವ್ಯತ್ಯಾಸ. ಅರ್ಧ ಸುತ್ತು ಸಲೀಸಾಗಿ ಹತ್ತಿ, ಆಮೇಲೆ ಕಚ್ಚಿಕೊಂಡು ನಿಲ್ಲುತ್ತದೆ. ಸ್ವಲ್ಪ ಜೋರು ಹಾಕಿದರೆ ಹೋದೀತು ಅನ್ನಿಸುವುದೂ ಅಲ್ಲೇ, ಶಟರ್‌ನ ಥ್ರೆಡ್ ಹಾಳಾಗುವುದೂ ಅಲ್ಲೇ. ರಿಂಗು ಇನ್ನೊಂದು ತರಬಹುದು. ಶಟರ್‌ನ ಕತ್ತನ್ನು ಎಲ್ಲಿಂದ ತರುವುದು?

ಥ್ರೆಡ್ ಅಳೆಯುವ ಪಿಚ್ ಗೇಜಿನ ಹಲ್ಲಿನ ಎಲೆಯನ್ನು ಥ್ರೆಡ್ಡಿನ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಹಲ್ಲುಗಳ ನಡುವೆ ಬೆಳಕಿನ ಗೆರೆ ಕಾಣಬಾರದು. ಗೇಜ್ ಇಲ್ಲದಿದ್ದರೆ ಲೂಪ್ (ಭೂತಗನ್ನಡಿ) ಹಿಡಿದು 3 ಮಿ.ಮೀ. ಉದ್ದದಲ್ಲಿ ಎಷ್ಟು ಥ್ರೆಡ್ ಇವೆ ಎಂದು ಎಣಿಸಿ. ನಾಲ್ಕಿದ್ದರೆ 0.75, ಮೂರಿದ್ದರೆ ಎನ್‌ಲಾರ್ಜರ್ ಅಳತೆ, ಆರಿದ್ದರೆ 0.5.

ಶಟರ್ ಮೇಲಿನ ನಂಬರ್ ನೋಡಿ ಆರ್ಡರ್ ಮಾಡುವುದೂ ಅಪಾಯವೇ. ಇಲೆಕ್ಸ್ ನಂ. 3 ಬೇರೆ, ಕೋಪಾಲ್ 3 ಬೇರೆ. ಇಲೆಕ್ಸ್, ವೊಲೆನ್‌ಸ್ಯಾಕ್‌ನ ಆಲ್ಫ್ಯಾಕ್ಸ್, ಬೀಟ್ಯಾಕ್ಸ್ ಎಲ್ಲ ಅಮೆರಿಕದವು, ಇಂಚಿನ ಲೆಕ್ಕ. ಜರ್ಮನಿಯ ಕಂಪರ್ ಶಟರ್ ನಂ. 2 ಇದ್ದವರಿಗೂ ಕೋಪಾಲ್ ರಿಂಗು ಉಪಯೋಗವಿಲ್ಲ, ಕೋಪಾಲ್‌ನಲ್ಲಿ ಆ ಗಾತ್ರವೇ ಇಲ್ಲ.

ಹೊಸದಾಗಿ ಬರುವ ಕಪ್ಪು ಅಲ್ಯೂಮಿನಿಯಂ ರಿಂಗುಗಳು ಕೆಲಸಕ್ಕೆ ಚೆನ್ನಾಗಿವೆ. ನೋಡಬೇಕಾದ್ದು ಥ್ರೆಡ್ ಶುರುವಾಗುವ ಅಂಚು. ಅಲ್ಲಿ ಕೂದಲೆಳೆಯಂಥ ಲೋಹದ ಸಿಗುರು ಉಳಿದಿದ್ದರೆ ಮೊದಲ ಸುತ್ತಿಗೇ ಅಡ್ಡ ಹತ್ತಿಕೊಳ್ಳುತ್ತದೆ. ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಥ್ರೆಡ್ಡಿಗೆ ಪೆನ್ಸಿಲ್ ಸೀಸವನ್ನು ತೆಳ್ಳಗೆ ಸವರಿ. ಅಲ್ಯೂಮಿನಿಯಂ ಅಲ್ಯೂಮಿನಿಯಮ್ಮಿಗೆ ಕಚ್ಚಿಕೊಳ್ಳುವುದು ಇದರಿಂದ ಕಡಿಮೆಯಾಗುತ್ತದೆ. ಎಣ್ಣೆ ಮಾತ್ರ ಬೇಡ, ಅದು ಶಟರ್ ಬ್ಲೇಡಿನವರೆಗೂ ಹರಿದೀತು.

ಶಟರ್ ಇಲ್ಲದ, ಹಿತ್ತಾಳೆ ಕೊಳವೆಯ (ಬ್ಯಾರೆಲ್) ಲೆನ್ಸಿನ ಕತೆ ಬೇರೆ. ಅದರ ಫ್ಲ್ಯಾಂಜು ಬೋರ್ಡಿನ ಮುಂದೆ ಸ್ಕ್ರೂಗಳಿಂದ ಕೂರುತ್ತದೆ, ಲೆನ್ಸು ಅದರೊಳಗೆ ತಿರುಗುತ್ತದೆ. ಒಬ್ಬೊಬ್ಬ ತಯಾರಕನದು ಒಂದೊಂದು ಥ್ರೆಡ್ ಆದ್ದರಿಂದ ಹಳೆಯ ಫ್ಲ್ಯಾಂಜುಗಳ ರಾಶಿಯಲ್ಲಿ ನಮ್ಮದು ಸಿಗುವುದು ಅದೃಷ್ಟದ ಮಾತು. ಇಲ್ಲಿ ನನ್ನ ಮತ ಲೇತ್ ಕೆಲಸಕ್ಕೇ. ಅಮೆರಿಕದ ರೋಡ್ ಐಲ್ಯಾಂಡ್‌ನ ಎಸ್. ಕೆ. ಗ್ರೈಮ್ಸ್ ಇಂಥ ಕೆಲಸಕ್ಕೇ ಹೆಸರಾದ ವರ್ಕ್‌ಶಾಪು, ಆದರೆ ಥ್ರೆಡ್ ಕತ್ತರಿಸಬಲ್ಲ ಒಳ್ಳೆಯ ಟರ್ನರ್ ಯಾರಾದರೂ ಮಾಡಬಲ್ಲರು. ಅಳತೆ ಬರೆದು ಕಳಿಸಬೇಡಿ, ಲೆನ್ಸಿನ ಬ್ಯಾರೆಲ್ಲನ್ನೇ ಕೊಡಿ. ದಶಕಗಟ್ಟಲೆ ಉಜ್ಜಿ ಸವೆದ ಥ್ರೆಡ್ಡಿಗೆ ಪುಸ್ತಕದ ಅಳತೆ ಹೊಂದುವುದಿಲ್ಲ. ಕತ್ತರಿಸುತ್ತಾ, ಹಾಕಿ ನೋಡುತ್ತಾ ಹೋಗಬೇಕು. ಗಾಜಿನ ಸೆಲ್‌ಗಳನ್ನು (ಗಾಜು ಕೂತ ಬಿಡಿ ಭಾಗಗಳನ್ನು) ಮೊದಲೇ ಬಿಚ್ಚಿ ಮನೆಯಲ್ಲಿಡಿ. ಫ್ಲ್ಯಾಂಜು ಹಿತ್ತಾಳೆಯದೇ ಇರಲಿ, ಮರದ ಬೋರ್ಡಿಗೆ ಕೂರಿಸುವ ಸ್ಕ್ರೂ ಕೂಡ. ಮೊದಲು ಸಣ್ಣ ತೂತು ಕೊರೆಯದೆ ಸ್ಕ್ರೂ ಹಾಕಿದರೆ ಮರ ಸೀಳುತ್ತದೆ.

ಐರಿಸ್ ಕ್ಲ್ಯಾಂಪು ಬೇರೆ ಬೇರೆ ಗಾತ್ರದ ಬ್ಯಾರೆಲ್ಲುಗಳನ್ನು ಹಿಡಿಯುತ್ತದೆ, ಲೆನ್ಸು ಪರೀಕ್ಷಿಸಲು ಬಹಳ ಅನುಕೂಲ. ಭಾರದ ಪೆಟ್ಜ್ವಾಲ್ (ಹಳೆಯ ಪೋರ್ಟ್ರೇಟ್ ಬಗೆಯ) ಲೆನ್ಸು ಮಾತ್ರ ಅದರಲ್ಲಿ ಮೂತಿ ಇಳಿಸುತ್ತದೆ. ತ್ರೀಡಿ ಪ್ರಿಂಟಿನ ರಿಂಗನ್ನು ನಾನು ಒಪ್ಪುವುದಿಲ್ಲ: 0.5 ಪಿಚ್ಚಿನ ಥ್ರೆಡ್ಡನ್ನು ಸಾಮಾನ್ಯ ಪ್ರಿಂಟರ್ ಸ್ಪಷ್ಟವಾಗಿ ಮೂಡಿಸಲಾರದು. ಬೋರ್ಡು ಪ್ರಿಂಟ್ ಮಾಡಿಸಬಹುದು, ಆದರೆ ಪ್ರಿಂಟಿಗೆ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ಬಾಗಿದರೆ ಫೋಕಸ್ ವಾಲುತ್ತದೆ.

ಬೋರ್ಡಿನ ಹೊರ ಅಳತೆ ಚಿಕ್ಕ ವಿಷಯ, ಕ್ಯಾಮೆರಾಕ್ಕೆ ತಕ್ಕಂತೆ: ಲಿನ್‌ಹಾಫ್ ಟೆಕ್ನಿಕಾದ್ದು 96 × 99 ಮಿ.ಮೀ., ಟೋಯೋ ಫೀಲ್ಡ್ 110 ಚೌಕ, ಸಿನಾರ್ 140 ಚೌಕ. ಟೆಕ್ನಿಕಾ 3ರ ಬೋರ್ಡು ಮಾತ್ರ ನಂತರದವಕ್ಕೆ ಬದಲಿಯಾಗದು.

ಜೋಡಿಸುವಾಗ ಹಿಂದಿನ ಸೆಲ್ ಬಿಚ್ಚಿ ಪಕ್ಕಕ್ಕಿಡಿ. ಸೆಲ್ ಬಿಚ್ಚಿದಾಗ ತೆಳುವಾದ ಹಿತ್ತಾಳೆ ಬಳೆ ಉದುರಿದರೆ ಜೋಪಾನ, ಅದು ಎರಡು ಸೆಲ್‌ಗಳ ನಡುವಿನ ಅಂತರ ಕಾಯುವ ಶಿಮ್. ಇದ್ದಲ್ಲಿಗೇ ವಾಪಸ್ ಹೋಗಬೇಕು. ಶಟರ್‌ನ ಬೆನ್ನಲ್ಲಿರುವ ಪುಟ್ಟ ಪಿನ್ ಸ್ಕ್ರೂಗೆ ಬೋರ್ಡಿನಲ್ಲಿ ಗುಳಿ ಇಲ್ಲದಿದ್ದರೆ ಅದನ್ನು ತೆಗೆದುಬಿಡಿ, ಇಲ್ಲವಾದರೆ ಶಟರ್ ಓರೆಯಾಗಿ ಕೂರುತ್ತದೆ. ಬೋರ್ಡು ದಪ್ಪಗಿದ್ದು ರಿಂಗಿಗೆ ಥ್ರೆಡ್ ಸಿಗದಿದ್ದರೆ ಹಿಂಬದಿಯಲ್ಲಿ ತೂತಿನ ಸುತ್ತ ಕೊರೆದು 3 ಮಿ.ಮೀ. ಉಳಿಸಿ. ರಿಂಗನ್ನು ಮೊದಲು ಹಿಮ್ಮುಖವಾಗಿ ತಿರುಗಿಸಿ. ಥ್ರೆಡ್ಡಿನ ತುದಿ ಟಕ್ಕೆಂದು ಬಿದ್ದದ್ದು ಬೆರಳಿಗೆ ತಿಳಿದ ಮೇಲೆ ಮುಂದಕ್ಕೆ ತಿರುಗಿಸಿ. ಬೆರಳಿಂದ ಹೋಗುವಷ್ಟು ಹೋದ ಮೇಲಷ್ಟೇ ರಿಂಗಿನ ಕಚ್ಚುಗಳಿಗೆ ಕೂರುವ ಲೆನ್ಸ್ ಸ್ಪ್ಯಾನರ್. ಸ್ಕ್ರೂಡ್ರೈವರ್ ತುದಿಯಿಂದ ದೂಡಿದರೆ ಅದು ಜಾರಿ ಶಟರ್ ಬ್ಲೇಡಿಗೇ ಬಡಿಯುತ್ತದೆ. ಆಮೇಲೆ ಸೆಲ್ ಹಾಕಿ, ಕತ್ತಲ ಕೋಣೆಯಲ್ಲಿ ಶಟರ್ ಮುಚ್ಚಿ, ಬೆಲ್ಲೋಸ್ (ಕ್ಯಾಮೆರಾದ ಮಡಿಕೆ ಚೀಲ) ಒಳಗಿಂದ ಟಾರ್ಚ್ ಬಿಡಿ. ರಿಂಗಿನ ಸುತ್ತ ಸೂಜಿಮೊನೆಯಷ್ಟು ಬೆಳಕು ಕಂಡರೂ ಬಿಚ್ಚಿ ಮತ್ತೆ ಕೂರಿಸಿ.