ಪ್ರೀತಿಸಿದವನು ನಿಮ್ಮ ಪ್ಯಾನ್ ಕಾರ್ಡ್ ಕೇಳಿದರೆ ಇದನ್ನು ಓದಿ

ಹೊಸದಾಗಿ ಊರು ಬಿಟ್ಟು ಕಾಲೇಜಿಗೆ ಸೇರಿರುವ ಹುಡುಗಿಯರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ತೀರ್ಥಹಳ್ಳಿ ಕಡೆಯವಳು. ಡಿಗ್ರಿಗೆ ಅಂತ ಮೈಸೂರಿಗೆ ಹೋದೆ. ಪಿಜಿಯಲ್ಲಿ ಮೊದಮೊದಲು ರಾತ್ರಿಯಾದರೆ ಅಳು ಬರುತ್ತಿತ್ತು. ಆಗ ಪರಿಚಯವಾದವನು ಅವನು, ನಮ್ಮ ಸೀನಿಯರ್. ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕತ್ತಲಾಗುವವರೆಗೂ ನಡೆಯುತ್ತಿದ್ದೆವು. ನನಗೆ ಜ್ವರ ಬಂದಾಗ ಗಂಜಿ ಮಾಡಿಸಿ ತಂದಿದ್ದ. ತುಂಬಾ ಪ್ರೀತಿಸಿದೆ ಅವನನ್ನು.

ಒಂದು ದಿನ ಇದ್ದಕ್ಕಿದ್ದಂತೆ, "ನಿಮ್ಮಮ್ಮ ಹಲಸಿನ ಹಪ್ಪಳ ಕಳಿಸ್ತಾರಂತೆ, ನನಗೂ ಕೊಡು" ಅಂದ. ನಾನು ಹೇಳಿರಲೇ ಇಲ್ಲ. ಆ ಮಾತು ಅಮ್ಮ ನನಗೆ ಕಳಿಸಿದ್ದ ಮೆಸೇಜ್‌ನಲ್ಲಿ ಮಾತ್ರ ಇತ್ತು. ಕೇಳಿದರೆ, "ನೀನೇ ಹೇಳಿದ್ದೆ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಮುನಿಸು. ಗೆಳತಿಯರ ಜೊತೆ ಹೊರಗೆ ಹೋದರೂ ಮುನಿಸು, ದಸರಾ ರಜೆಗೆ ಊರಿಗೆ ಹೊರಟರೂ ಮುನಿಸು.

ಆಮೇಲೆ ರೂಮ್‌ಮೇಟ್ ನನ್ನ ವಾಟ್ಸಾಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ತೋರಿಸಿದಳು. ನನ್ನದಲ್ಲದ ಒಂದು ಕಂಪ್ಯೂಟರ್ ಅಲ್ಲಿತ್ತು. ಅಂದರೆ ನನ್ನ ಮೆಸೇಜ್‌ಗಳು ಆ ಕಂಪ್ಯೂಟರಿನಲ್ಲೂ ಕಾಣುತ್ತಿದ್ದವು. ಅನ್‌ಲಾಕ್ ಆದ ಫೋನ್ ಕೈಗೆ ಸಿಕ್ಕರೆ ಇದನ್ನು ಜೋಡಿಸಲು ಒಂದು ನಿಮಿಷ ಸಾಕು. ನಿಮ್ಮದನ್ನೂ ಈಗಲೇ ನೋಡಿಕೊಳ್ಳಿ.

ಅಷ್ಟರಲ್ಲಿ ಅವನು ನನ್ನ ಹೆಸರಲ್ಲಿ ಕಂತಿನ ಫೋನ್ ತೆಗೆದುಕೊಂಡಾಗಿತ್ತು. "ನನ್ನ ಸಿಬಿಲ್ (ಸಾಲ ಕಟ್ಟಿದ ದಾಖಲೆ) ಸರಿ ಇಲ್ಲ, ಕಂತು ನಾನೇ ಕಟ್ತೀನಿ" ಅಂತ ಹೇಳಿ ಪ್ಯಾನ್, ಆಧಾರ್, ಒಟಿಪಿ ಎಲ್ಲ ಪಡೆದಿದ್ದ. ಸ್ವಲ್ಪ ದಿನ ಕಟ್ಟಿದ. ಆಮೇಲೆ ಇನ್ನೊಬ್ಬಳ ಜೊತೆ ಓಡಾಡಲು ಶುರು ಮಾಡಿ ನನ್ನನ್ನು ಬ್ಲಾಕ್ ಮಾಡಿದ. ನಾನು ಊಟ ಸೇರದೆ ಹಾಸಿಗೆ ಹಿಡಿದಿದ್ದೆ. ಸಾಲ ವಸೂಲಿಯವರು ಫೋನ್ ಮಾಡಿದ್ದು ಆಗಲೇ. ಫೋನ್ ಇದ್ದಿದ್ದು ಅವನ ಹತ್ತಿರ, ಸಾಲ ಇದ್ದಿದ್ದು ನನ್ನ ತಲೆ ಮೇಲೆ. ನಮ್ಮ ಹೆಸರಲ್ಲಿರುವ ಸಾಲಗಳನ್ನು ತೋರಿಸುವ ಸಿಬಿಲ್ ವರದಿ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ತೆಗೆಸಿ ನೋಡಿದರೆ ನನಗೆ ಗೊತ್ತೇ ಇಲ್ಲದ ಇನ್ನೊಂದು ಸಾಲವೂ ಇತ್ತು!

ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು, ಮನೆಯವರನ್ನು, ಗೆಳೆಯರನ್ನು ಕಾಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಅದು ನನಗೆ ಗೊತ್ತಿದ್ದಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಸಾಲದ ಬಗ್ಗೆ ಅವನನ್ನು ಕೇಳಲು ಹೋದರೆ, "ಮನೆಗೆ ಹೇಳಿದರೆ ಫೋಟೋ ಎಲ್ಲರಿಗೂ ಕಳಿಸ್ತೀನಿ" ಅಂದ. ಅವತ್ತೇ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಬೈದರು, ಜೋರಾಗಿಯೇ ಬೈದರು. ಮರುದಿನವೇ ಬಸ್ಸು ಹತ್ತಿ ಮೈಸೂರಿಗೆ ಬಂದರು. ಇಬ್ಬರೂ ಹೋಗಿ ದೂರು ಕೊಟ್ಟೆವು. ಮನೆಯವರಿಗೆ ಗೊತ್ತಾದ ಮೇಲೆ ಅವನ ಬೆದರಿಕೆಗೆ ಬಲವೇ ಉಳಿಯಲಿಲ್ಲ.

ಹುಡುಗಿಯೊಬ್ಬಳ ಮೆಸೇಜ್‌ಗಳ ಮೇಲೆ ಹೀಗೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 78ರ ಪ್ರಕಾರ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲಾಗಬಹುದು. ಸೈಬರ್ ಸಹಾಯವಾಣಿ 1930. ಫೋಟೋ ಹೆದರಿಕೆ ಇದ್ದು, ನಿಮಗೆ 18 ತುಂಬಿದ್ದರೆ, ಖಾಸಗಿ ಫೋಟೋ ಸೋಷಿಯಲ್ ಮೀಡಿಯಾದಲ್ಲಿ ಹರಡದಂತೆ ತಡೆಯಲು ನೆರವಾಗುವ 'ಸ್ಟಾಪ್ ಎನ್‌ಸಿಐಐ' ಅನ್ನುವ ಉಚಿತ ಆನ್‌ಲೈನ್ ಸೇವೆ ಇದೆ. ಅಲ್ಲಿ ಫೋಟೋ ನಿಮ್ಮ ಫೋನಿನಲ್ಲೇ ಇರುತ್ತದೆ, ಅದರ ಗುರುತಿನ ಸಂಕೇತ ಮಾತ್ರ ಹೋಗುತ್ತದೆ. ರಾತ್ರಿ ನಿದ್ದೆ ಬರದೆ ಒದ್ದಾಡುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಅವನನ್ನು ಬ್ಲಾಕ್ ಮಾಡುವ ಮೊದಲು, ಆ ಲಿಂಕ್ಡ್ ಡಿವೈಸ್ ಲಾಗ್ ಔಟ್ ಮಾಡುವ ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಮನೆಯವರೊಬ್ಬರಿಗೆ ಕಳಿಸಿಡಿ. ದೂರು ಕೊಡುವಾಗ ಅದೇ ಬೇಕಾಗುತ್ತದೆ.