ಅಳಿಸಿದರೂ ಮರಳಿ ಬರುವ ವೈರಸ್ ಫೈಲ್: ಆಫ್‌ಲೈನ್ ಸ್ಕ್ಯಾನೋ, ರಿಸೆಟ್ಟೋ?

ಶಿರಸಿಯ ನಮ್ಮ ಮನೆ ಕಂಪ್ಯೂಟರ್‌ಗೆ ಪೆನ್‌ಡ್ರೈವ್‌ನಿಂದ ಒಂದು ವೈರಸ್ ಫೈಲ್ ಹೊಕ್ಕಿತ್ತು. ಡಿಲೀಟ್ ಒತ್ತಿದರೆ ‘ಫೈಲ್ ಬಳಕೆಯಲ್ಲಿದೆ’ ಎನ್ನುತ್ತಿತ್ತು. ಹೇಗೋ ಅಳಿಸಿದೆ. ಮತ್ತೆ ಆನ್ ಮಾಡಿದರೆ ಅದೇ ಜಾಗದಲ್ಲಿ ಅದೇ ಹೆಸರು! ವಿಂಡೋಸ್ ಜೊತೆಗೇ ಶುರುವಾಗುವ ಇನ್ನೊಂದು ಪ್ರೋಗ್ರಾಂ ಅದನ್ನು ಮತ್ತೆ ಮತ್ತೆ ಹುಟ್ಟಿಸುತ್ತಿತ್ತು.

ಮೊದಲು ಡಿಫೆಂಡರ್‌ನ (ವಿಂಡೋಸ್ ಜೊತೆಗೇ ಬರುವ ವೈರಸ್ ತಡೆಯುವ ಪ್ರೋಗ್ರಾಂ) ಆಫ್‌ಲೈನ್ ಸ್ಕ್ಯಾನ್ ಮಾಡಿ. ವಿಂಡೋಸ್ 10, 11 ಎರಡರಲ್ಲೂ ಇದೆ, ದುಡ್ಡು ಕೊಡಬೇಕಿಲ್ಲ. ವಿಂಡೋಸ್ ಸೆಕ್ಯುರಿಟಿಯ ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ಸಿಗುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕಾಟ ನಡೆಯುತ್ತದೆ. ಆಗ ವೈರಸ್ ಇನ್ನೂ ಎದ್ದಿರುವುದಿಲ್ಲ, ಅಡ್ಡ ಬರುವುದಿಲ್ಲ. ಸುಮಾರು 15 ನಿಮಿಷದ ಕೆಲಸ. ಅಡಿಕೆ ಲೆಕ್ಕ, ಮದುವೆ ಫೋಟೊ ಎಲ್ಲ ಇದ್ದಲ್ಲೇ ಇರುತ್ತವೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ, ಯುಪಿಎಸ್ ಇದ್ದರೆ ಒಳ್ಳೆಯದು.

ರಿಸೆಟ್, ಅಂದರೆ ವಿಂಡೋಸ್ಸನ್ನೇ ಹೊಸದಾಗಿ ಹಾಕುವುದು, ಜಾಸ್ತಿ ಗಟ್ಟಿ ಮದ್ದು, ಆದರೆ ತಾಪತ್ರಯವೂ ಜಾಸ್ತಿ. ‘ಕೀಪ್ ಮೈ ಫೈಲ್ಸ್’ ಆರಿಸಿದರೂ ನುಡಿ, ಟ್ಯಾಲಿಯಂಥ ಪ್ರೋಗ್ರಾಂ ಎಲ್ಲ ಮತ್ತೆ ಹಾಕಿಕೊಳ್ಳಬೇಕು. ನಿಮ್ಮ ಫೋಲ್ಡರ್‌ನಲ್ಲೇ ಕೆಟ್ಟ ಫೈಲ್ ಕೂತಿದ್ದರೆ ಅದೂ ಉಳಿದುಬಿಡಬಹುದು. ‘ರಿಮೂವ್ ಎವ್ರಿಥಿಂಗ್’ ಆದರೆ ಎಲ್ಲ ಸಾಫ್, ಹಾಗಾಗಿ ಮೊದಲೇ ಫೋಟೊ, ಕಾಗದಪತ್ರ ಬೇರೆ ಕಡೆ ಇಡಿ. ಆದರೆ ಪ್ರೋಗ್ರಾಂ ಫೈಲ್‌ಗಳನ್ನು ಒಯ್ಯಬೇಡಿ, ಅವುಗಳ ಜೊತೆ ವೈರಸ್ಸೂ ಬಂದುಬಿಡಬಹುದು. ರಿಸೆಟ್ ಮಾಡುವಾಗ ‘ಕ್ಲೌಡ್ ಡೌನ್‌ಲೋಡ್’ (ವಿಂಡೋಸ್ಸನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುವುದು) ಆರಿಸಿದರೆ 4 ಜಿಬಿಗಿಂತ ಜಾಸ್ತಿ ಡೇಟಾ ಬೇಕು, ಮೊಬೈಲ್ ನೆಟ್ ನಂಬಿದ ಹಳ್ಳಿ ಮನೆಗೆ ಅದು ಕಷ್ಟವೇ ಅಲ್ವಾ?

ಸ್ಕ್ಯಾನ್ ಆದಮೇಲೂ ಫೈಲ್ ಮರಳಿ ಬಂದರೆ, ಅಥವಾ ಆ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡಿದ್ದರೆ, ಪೂರ್ತಿ ರಿಸೆಟ್ಟೇ ಸರಿ. ಬ್ಯಾಂಕ್ ಪಾಸ್‌ವರ್ಡ್ ಮಾತ್ರ ಅದಕ್ಕೂ ಮೊದಲೇ, ಬೇರೆ ಫೋನಿನಿಂದ ಬದಲಿಸಿ.